ಪುನಲೂರಿನ ತೂಗುಸೇತುವೆ ಇನ್ನೂ ಯಾಕೆ ನಿಂತಿದೆ?

ನಮ್ಮ ಜೊತೆ ಓದಿದ ಗೆಳೆಯನೊಬ್ಬನ ಮದುವೆಗೆಂದು ನಾವು ಮೂವರು ಕೇರಳದ ಕೊಲ್ಲಂಗೆ ಹೋಗಿದ್ದೆವು. ಮದುವೆಯ ಮರುದಿನ ಇಡೀ ಹಗಲು ಖಾಲಿ ಇತ್ತು. ನಮ್ಮ ರೈಲು ರಾತ್ರಿಗೆ. ಇಬ್ಬರು ಸಮುದ್ರ ನೋಡೋಣ ಎಂದರು. ಮೂರನೆಯವಳು ಮಾತ್ರ, "ಪುನಲೂರಿಗೆ ಹೋಗೋಣ, ಅಲ್ಲೊಂದು ಹಳೇ ತೂಗುಸೇತುವೆ ಇದೆಯಂತೆ" ಎಂದು ಹಟ ಹಿಡಿದಳು.

ಅವಳ ಹಟಕ್ಕೆ ಕಾರಣ ಇತ್ತು. ಅವಳ ಮನೆ ಮಲೆನಾಡಿನಲ್ಲಿ, ಹೊಳೆಯಾಚೆ. ನಾಲ್ಕನೇ ಕ್ಲಾಸಿನವರೆಗೆ ಅವಳು ಶಾಲೆಗೆ ಹೋಗಿದ್ದು ಅಡಿಕೆ ಮರದ ಸಂಕದ ಮೇಲೆ. ಮಳೆಗಾಲದಲ್ಲಿ ಹೊಳೆ ಆ ಸಂಕವನ್ನೇ ಎಳೆದುಕೊಂಡು ಹೋಗುತ್ತಿತ್ತು. ಆಗ ಮಕ್ಕಳಿಗೆ ಶಾಲೆ ಇಲ್ಲ, ಡೇರಿಗೆ ಹಾಲಿಲ್ಲ, ಯಾರಿಗಾದರೂ ಹುಷಾರು ತಪ್ಪಿದರೆ ದೇವರೇ ಗತಿ. ಅವಳು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ತೂಗುಸೇತುವೆ ಆಯಿತು. "ನಾನು ಡಿಗ್ರಿ ಮಾಡಿದ್ದೇ ಆ ಎರಡು ಹಗ್ಗದಿಂದ" ಎಂದು ಈಗಲೂ ಹೇಳುತ್ತಾಳೆ.

2022ರ ಅಕ್ಟೋಬರ್ 30ರಂದು ಗುಜರಾತಿನ ಮೋರ್ಬಿಯಲ್ಲಿ ತೂಗುಸೇತುವೆ ಮುರಿದು 135 ಜನ ಸತ್ತರು. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದ ಅವಳ ಅಮ್ಮ ಫೋನ್ ಮಾಡಿ ಒಂದೇ ಮಾತು ಕೇಳಿದ್ದರಂತೆ: "ಹಂಗಾರೆ ನಮ್ಮದು ಗಟ್ಟಿ ಇದ್ಯಾ?"

ಪತ್ರಿಕೋದ್ಯಮ ಓದಿದ ನಮಗೆ ಯಾರಿಗೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಪುನಲೂರಿಗೆ ಹೋಗಿದ್ದು ಆ ಪ್ರಶ್ನೆ ಹಿಡಿದುಕೊಂಡೇ.

ಊರ ನಡುವೆ ಒಂದು ಸೇತುವೆ

ಕೊಲ್ಲಂನಿಂದ ಪುನಲೂರಿಗೆ ರೈಲಿನಲ್ಲಿ ಸುಮಾರು 45 ಕಿಲೋಮೀಟರ್. ಪೂರ್ವಕ್ಕೆ ಹೋದಂತೆ ರಬ್ಬರ್ ತೋಟಗಳು, ಗುಡ್ಡಗಳು. ಪುನಲೂರು ಇರುವುದು ಪಶ್ಚಿಮ ಘಟ್ಟದ ಬುಡದಲ್ಲಿ. ಅಲ್ಲಿಂದ ಮುಂದೆ ಘಟ್ಟ ಹತ್ತಿ ಇಳಿದರೆ ತಮಿಳುನಾಡಿನ ಚೆಂಗೋಟೆ.

ತೂಗುಸೇತುವೆ ಎಂದರೆ ಕಾಡಿನ ನಡುವೆ ಎಲ್ಲೋ ಇರುತ್ತದೆ ಎಂದುಕೊಂಡಿದ್ದೆವು. ಇದು ಪೇಟೆಯಲ್ಲೇ ಇದೆ. ಕಲ್ಲಡ ನದಿಗೆ ಅಡ್ಡವಾಗಿ ಕಾಂಕ್ರೀಟ್ ಸೇತುವೆ, ಅದರ ಮೇಲೆ ಬಸ್ಸು, ಲಾರಿ, ಆಟೋ. ಅದರ ಪಕ್ಕದಲ್ಲೇ, ಮನೆಯ ಜಗಲಿಯಲ್ಲಿ ಕೂತ ಅಜ್ಜನ ಹಾಗೆ, ಈ ಹಳೇ ಸೇತುವೆ.

ಎರಡೂ ದಡದಲ್ಲಿ ಕಲ್ಲಿನ ದೊಡ್ಡ ಕಮಾನು. ಕಮಾನಿನ ನೆತ್ತಿಯಿಂದ ದಪ್ಪ ಕಬ್ಬಿಣದ ಸರಪಳಿ ನದಿಯ ಮೇಲೆ ತೂಗುತ್ತದೆ. ಸರಪಳಿಯಿಂದ ಕೆಳಕ್ಕೆ ಸಾಲಾಗಿ ಕಬ್ಬಿಣದ ಸರಳುಗಳು. ಆ ಸರಳುಗಳ ತುದಿಗೆ ನಡೆಯುವ ದಾರಿ. ದಾರಿಗೆ ಮರದ ಹಲಗೆ. ಉದ್ದ ಸುಮಾರು 400 ಅಡಿ, ಅಗಲ 20 ಅಡಿ. ನಮ್ಮ ಊರಿನ ತೂಗುಸೇತುವೆಯಲ್ಲಿ ಎದುರಿನಿಂದ ಯಾರಾದರೂ ಹುಲ್ಲಿನ ಹೊರೆ ಹೊತ್ತು ಬಂದರೆ ನಾವು ಪಕ್ಕಕ್ಕೆ ವಾಲಿ ನಿಲ್ಲಬೇಕು. ಇಲ್ಲಿ ಎತ್ತಿನ ಗಾಡಿಯೇ ಆರಾಮಾಗಿ ಹೋಗಬಹುದು. ಹಿಂದೆ ಹೋಗುತ್ತಿತ್ತು ಕೂಡ.

ಇದನ್ನು ಕಟ್ಟಿ ಮುಗಿಸಿದ್ದು 1877ರಲ್ಲಿ. ಆಗ ಇದು ತಿರುವಾಂಕೂರು ಸಂಸ್ಥಾನ, ಆಯಿಲ್ಯಂ ತಿರುನಾಳ್ ಮಹಾರಾಜರ ಕಾಲ. ಕಟ್ಟಿಸಿದ ಎಂಜಿನಿಯರ್ ಆಲ್ಬರ್ಟ್ ಹೆನ್ರಿ ಎಂಬ ಬ್ರಿಟಿಷರು. ಕೆಲಸಕ್ಕೆ ಆರು ವರ್ಷ ಹಿಡಿಯಿತು. ಘಟ್ಟದ ಆಚೆಯ ತಮಿಳು ಸೀಮೆಗೂ ಕೊಲ್ಲಂ ಬಂದರಿಗೂ ನಡುವೆ ಸರಕು ಸಾಗಬೇಕಾದರೆ ಈ ನದಿ ದಾಟಲೇಬೇಕಿತ್ತು. ಕೊಲ್ಲಂನಿಂದ ಚೆಂಗೋಟೆಗೆ ರೈಲು ಬಂದಿದ್ದು ಅದಾಗಿ ಕಾಲು ಶತಮಾನದ ನಂತರ, 1904ರಲ್ಲಿ. ಅಲ್ಲಿಯವರೆಗೆ ರಸ್ತೆಯೇ ಗತಿ, ರಸ್ತೆಗೆ ಈ ಸೇತುವೆಯೇ ಗತಿ.

ಸೇತುವೆಯ ಹತ್ತಿರ ಚಹಾ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರಿಗೆ ನಮ್ಮ ಅರೆಬರೆ ತಮಿಳಿನಲ್ಲಿ, "ಚೇಟ್ಟಾ, ಇದು ಅಷ್ಟು ಗಟ್ಟಿಯಾ?" ಎಂದು ಕೇಳಿದೆವು. ಅವರು ಆರು ಬೆರಳು ತೋರಿಸಿ ನಕ್ಕರು. ಸೇತುವೆ ಕಟ್ಟಿ ಮುಗಿದಾಗ ದಾಟಲು ಜನ ಹೆದರಿದರಂತೆ. ಕಂಬವೇ ಇಲ್ಲದ ಸೇತುವೆ ಹೇಗೆ ನಿಲ್ಲುತ್ತದೆ ಎಂಬುದು ಅವರ ಅನುಮಾನ. ಆಗ ಎಂಜಿನಿಯರ್ ಆರು ಆನೆಗಳನ್ನು ಸೇತುವೆ ಮೇಲೆ ನಡೆಸಿ, ತಾನು ಹೆಂಡತಿ ಮಕ್ಕಳ ಜೊತೆ ಕೆಳಗೆ ದೋಣಿಯಲ್ಲಿ ಕೂತಿದ್ದನಂತೆ. ಆ ಊರಿನ ಮಕ್ಕಳಿಗೆಲ್ಲ ಗೊತ್ತಿರುವ ಕತೆ ಇದು. ಕತೆ ನಿಜವೋ ಅಲ್ಲವೋ, ಅದರಲ್ಲಿ ಒಂದು ನ್ಯಾಯವಿದೆ. ಕಟ್ಟಿದವನು ಮೊದಲು ಅದರ ಕೆಳಗೆ ಕೂರಬೇಕು ಎಂದು ಜನ ಬಯಸುತ್ತಾರೆ.

ಬಟ್ಟೆ ಒಣಹಾಕುವ ಹಗ್ಗದಿಂದ ಶುರು ಮಾಡೋಣ

ಕಂಬವಿಲ್ಲದೆ ಸೇತುವೆ ನಿಲ್ಲುವುದು ಹೇಗೆ? ಇದನ್ನು ತಿಳಿಯಲು ನಿಮ್ಮ ಹಿತ್ತಲಿಗೆ ಹೋದರೆ ಸಾಕು.

ಎರಡು ಗೂಟಕ್ಕೆ ಹಗ್ಗ ಕಟ್ಟಿ ಒದ್ದೆ ಕಂಬಳಿ ಹಾಕಿ. ಹಗ್ಗ ನಡುವೆ ಜಗ್ಗುತ್ತದೆ. ಜಗ್ಗಿದ್ದು ನೋಡಿ ಕೆಲವರು ಹಗ್ಗವನ್ನು ಇನ್ನಷ್ಟು ಬಿಗಿಯುತ್ತಾರೆ. ಬಿಗಿದಷ್ಟೂ ಗೂಟ ಒಳಕ್ಕೆ ವಾಲುತ್ತದೆ, ಇಲ್ಲವೇ ಹಗ್ಗ ಕಿತ್ತು ಹೋಗುತ್ತದೆ. ಕಂಬಳಿಯ ಭಾರ ಅಷ್ಟೇ ಇದೆ. ಆದರೆ ಹಗ್ಗ ನೇರವಾದಷ್ಟೂ ಅದರ ಮೇಲಿನ ಎಳೆತ ಹೆಚ್ಚುತ್ತದೆ. ಜಗ್ಗಲು ಬಿಟ್ಟರೆ ಎಳೆತ ಕಡಿಮೆ. ತೂಗುಸೇತುವೆಯ ಮುಖ್ಯ ಗುಟ್ಟು ಇದೇ.

ಒಂದು ಲೆಕ್ಕ ನೋಡಿ. 100 ಮೀಟರ್ ಅಗಲದ ಹೊಳೆಗೆ ತೂಗುಸೇತುವೆ ಇದೆ ಎಂದುಕೊಳ್ಳಿ. ಸೇತುವೆಯ ಭಾರ, ಮೇಲಿರುವ ಜನರ ಭಾರ ಸೇರಿ 20 ಟನ್. ಹಗ್ಗ ನಡುವೆ 10 ಮೀಟರ್ ಜಗ್ಗಿದ್ದರೆ ಎರಡೂ ಬದಿಯ ಹಗ್ಗಗಳ ಮೇಲೆ ಒಟ್ಟು ಅಡ್ಡ ಎಳೆತ ಸುಮಾರು 25 ಟನ್. ಅದೇ ಹಗ್ಗವನ್ನು ಬಿಗಿದು ಜಗ್ಗು 5 ಮೀಟರಿಗೆ ಇಳಿಸಿದರೆ ಎಳೆತ 50 ಟನ್ ಆಗುತ್ತದೆ. ಭಾರ ಹೆಚ್ಚಲಿಲ್ಲ, ಜಗ್ಗು ಅರ್ಧವಾಯಿತು, ಎಳೆತ ಎರಡರಷ್ಟಾಯಿತು. ಹಾಗಾಗಿ "ಸೇತುವೆ ಜಗ್ಗಿದೆ, ಸ್ವಲ್ಪ ಬಿಗಿ ಮಾಡಿಸಿ" ಎಂಬ ಸಲಹೆ ಯಾರಾದರೂ ಕೊಟ್ಟರೆ ಎಂಜಿನಿಯರನ್ನು ಕೇಳದೆ ಒಪ್ಪಬೇಡಿ.

ಈಗ ಭಾರ ಹೋಗುವ ದಾರಿ ನೋಡಿ. ನಾವು ಹಲಗೆ ಮೇಲೆ ಕಾಲಿಟ್ಟರೆ ನಮ್ಮ ಭಾರ ಹಲಗೆಯಿಂದ ತೂಗು ಸರಳಿಗೆ, ಸರಳಿನಿಂದ ಮೇಲಿನ ಸರಪಳಿಗೆ ಹೋಗುತ್ತದೆ. ಸರಪಳಿ ಅದನ್ನು ಕಮಾನಿನ ನೆತ್ತಿಗೆ ಒಯ್ಯುತ್ತದೆ. ಕಮಾನು ಭಾರವನ್ನು ನೆಲಕ್ಕೆ ಒತ್ತುತ್ತದೆ. ಒತ್ತಿದರೆ ತಡೆದುಕೊಳ್ಳುವುದರಲ್ಲಿ ಕಲ್ಲಿಗೆ ಸಾಟಿ ಇಲ್ಲ. ಎಳೆದರೆ ತಡೆದುಕೊಳ್ಳುವುದರಲ್ಲಿ ಕಬ್ಬಿಣಕ್ಕೆ ಸಾಟಿ ಇಲ್ಲ. ಕಲ್ಲಿಗೆ ಒತ್ತಡದ ಕೆಲಸ, ಕಬ್ಬಿಣಕ್ಕೆ ಎಳೆತದ ಕೆಲಸ ಕೊಟ್ಟಿದ್ದಾರೆ. ಎತ್ತಿಗೆ ನೊಗ, ಹಸುವಿಗೆ ಹಾಲು ಅಂದ ಹಾಗೆ.

ಆದರೆ ಸರಪಳಿ ಕಮಾನನ್ನು ನದಿಯ ಕಡೆಗೆ ಎಳೆಯುತ್ತದಲ್ಲ, ಅದಕ್ಕೇನು ಮಾಡುವುದು? ಚಪ್ಪರದ ಕಂಬಕ್ಕೆ ಹಿಂದಿನಿಂದ ಹಗ್ಗ ಕಟ್ಟಿ ಗೂಟ ಹೊಡೆಯುತ್ತೇವಲ್ಲ, ಇಲ್ಲೂ ಅದೇ. ಸರಪಳಿ ಕಮಾನು ದಾಟಿ ಹಿಂದಕ್ಕೆ ಇಳಿದು ನೆಲದೊಳಗೆ ಹೋಗುತ್ತದೆ. ಪುನಲೂರಿನಲ್ಲಿ ಇದಕ್ಕಾಗಿ ಎರಡೂ ದಡದಲ್ಲಿ ಬಾವಿ ತೋಡಿ, ಸರಪಳಿಯ ತುದಿಗಳನ್ನು ಅದರೊಳಗೆ ಭದ್ರ ಮಾಡಿದ್ದಾರೆ. ಹೊರಗೆ ಕಾಣುವ ಕಮಾನಿನ ಎದುರು ಎಲ್ಲರೂ ಸೆಲ್ಫಿ ತೆಗೆಯುತ್ತಾರೆ. ಸೇತುವೆಯನ್ನು ಹಿಡಿದುಕೊಂಡಿರುವುದು ಮಾತ್ರ ಕಾಣದ ಆ ಬಾವಿಗಳು.

ಹಲಗೆಗಳದ್ದೂ ಒಂದು ಮಾತು. ಇವು ಕಂಬಕಂ ಎಂಬ ಮರದವು. ನಮ್ಮ ಕರಾವಳಿ ಕಡೆ ಕಿರಾಲುಬೋಗಿ ಎನ್ನುವುದು ಇದನ್ನೇ. ನೀರಿಗೂ ಗೆದ್ದಲಿಗೂ ಸುಲಭಕ್ಕೆ ಬಗ್ಗದ ಮರ. ಆದರೂ ಹಲಗೆ ಹಲಗೆಯೇ. ವರ್ಷ ಕಳೆದಂತೆ ಸವೆಯುತ್ತದೆ, ಕೊಳೆಯುತ್ತದೆ, ಬದಲಿಸಬೇಕಾಗುತ್ತದೆ. ಇಲ್ಲಿ ಹಾಗೆ ಬದಲಿಸಿದ್ದಾರೆ, ದುರಸ್ತಿಗಾಗಿ ಜನರ ಓಡಾಟ ನಿಲ್ಲಿಸಿದ್ದೂ ಉಂಟು.

ಸರಪಳಿಯ ದೌರ್ಬಲ್ಯ

ಸೇತುವೆ ನಡುವೆ ನಿಂತು ಸರಪಳಿಯನ್ನು ಹತ್ತಿರದಿಂದ ನೋಡಿದಾಗ ನಮ್ಮ ಗೆಳತಿ ಒಂದು ಪ್ರಶ್ನೆ ಕೇಳಿದಳು: "ಇದರಲ್ಲಿ ಒಂದು ಕೊಂಡಿ ಹೋದರೆ?"

ಸರಪಳಿ ಸೇತುವೆಯ ಭಯ ಇರುವುದು ಅಲ್ಲೇ. ಹಗ್ಗದಲ್ಲಿ ಒಂದು ಎಳೆ ಹೋದರೆ ಉಳಿದ ಎಳೆಗಳು ಹಿಡಿದುಕೊಳ್ಳುತ್ತವೆ. ಸರಪಳಿಯಲ್ಲಿ ಕೊಂಡಿಗಳು ಒಂದರ ಹಿಂದೆ ಒಂದು ಇರುತ್ತವೆ. ಹಿಂದಿನವನ ಭಾರ ಹೊರಲು ಪಕ್ಕದಲ್ಲಿ ಯಾರೂ ಇಲ್ಲ.

ಇದರ ಬೆಲೆ ಏನು ಎಂದು ಅಮೆರಿಕದ ಜನ 1967ರ ಡಿಸೆಂಬರ್ 15ರಂದು ತಿಳಿದರು. ಅಲ್ಲಿ ಓಹಾಯೋ ನದಿಗೆ ಸಿಲ್ವರ್ ಬ್ರಿಡ್ಜ್ ಎಂಬ ಸೇತುವೆ ಇತ್ತು. ಅದೂ ಕೊಂಡಿಗಳ ಸರಪಳಿಯಿಂದ ತೂಗುತ್ತಿದ್ದ ಸೇತುವೆ. ಆ ಸಂಜೆ ವಾಹನಗಳು ತುಂಬಿದ್ದಾಗ ಒಂದೇ ಒಂದು ಕೊಂಡಿ ಮುರಿಯಿತು. ಇಡೀ ಸೇತುವೆ ನದಿಗೆ ಬಿತ್ತು. 46 ಜನ ಸತ್ತರು. ತನಿಖೆ ಮಾಡಿದಾಗ ಆ ಕೊಂಡಿಯಲ್ಲಿ ಸಿಕ್ಕ ಹಳೇ ಬಿರುಕು ಎಷ್ಟಿತ್ತು ಗೊತ್ತೇ? ಸುಮಾರು ಎರಡೂವರೆ ಮಿಲಿಮೀಟರ್ ಆಳ. ಒಂದು ಜೋಳದ ಕಾಳಿನಷ್ಟೂ ಇಲ್ಲ. ಅದಾದ ಮೇಲೆಯೇ ಆ ದೇಶದಲ್ಲಿ ರಸ್ತೆ ಸೇತುವೆಗಳನ್ನು ಕಾಲಕಾಲಕ್ಕೆ ಪರೀಕ್ಷಿಸಲೇಬೇಕು ಎಂಬ ನಿಯಮ ಬಂತು.

ಪುನಲೂರಿನ ಸೇತುವೆ ಉಳಿದಿರುವುದಕ್ಕೆ ಕಟ್ಟಿದವರ ಕೈಗುಣ ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಪಕ್ಕದಲ್ಲೇ ನೋಡುತ್ತಿದ್ದೆವು: ಆ ಕಾಂಕ್ರೀಟ್ ಸೇತುವೆ. ಎತ್ತಿನ ಗಾಡಿಯ ಕಾಲದ ಸೇತುವೆಗೆ ಬಸ್ಸು ಲಾರಿಗಳ ಭಾರ ಹೊರಿಸುವುದು ಸರಿಯಲ್ಲ ಎಂದು 1970ರ ದಶಕದಲ್ಲಿ ವಾಹನಗಳಿಗೆ ಬೇರೆ ಸೇತುವೆ ಕಟ್ಟಿದರು. ಹಳೆಯದನ್ನು ನಡೆಯುವವರಿಗೆ ಬಿಟ್ಟರು. ಈಗ ಅದು ಕೇರಳ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ದುಡಿದು ದಣಿದ ಎತ್ತನ್ನು ನೊಗದಿಂದ ಬಿಡಿಸಿ ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಿದ ಹಾಗೆ.

ಕೆಟ್ಟ ತಂತಿ ಬಂದರೂ ಬೀಳದ ಸೇತುವೆ

ಪುನಲೂರಿನಲ್ಲಿ ಸರಪಳಿ ಏರುತ್ತಿದ್ದ ಆ ದಶಕದಲ್ಲೇ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬ್ರೂಕ್ಲಿನ್ ಸೇತುವೆ ಕಟ್ಟುತ್ತಿದ್ದರು. ಅದರ ನಡುವಿನ ಹಾರು 486 ಮೀಟರ್. ಆ ಕಾಲಕ್ಕೆ ಪ್ರಪಂಚದಲ್ಲೇ ಅತಿ ಉದ್ದದ್ದು. ಅಲ್ಲಿ ಸರಪಳಿ ಬದಲು ಉಕ್ಕಿನ ತಂತಿ ಬಳಸಿದರು. ಒಂದೊಂದು ಹಗ್ಗದಲ್ಲಿ ಐದು ಸಾವಿರಕ್ಕೂ ಹೆಚ್ಚು ತಂತಿಗಳು. ಅಂಥ ನಾಲ್ಕು ಹಗ್ಗ.

ಆ ಸೇತುವೆ ಒಂದು ಮನೆಯವರನ್ನೇ ನುಂಗಿತು ಎನ್ನಬೇಕು. ನಕ್ಷೆ ಹಾಕಿದ ಜಾನ್ ರೋಬ್ಲಿಂಗ್ 1869ರಲ್ಲಿ ಜಾಗದ ಸರ್ವೆ ಮಾಡುವಾಗ ಕಾಲಿಗೆ ಪೆಟ್ಟಾಗಿ, ಧನುರ್ವಾಯು ತಗುಲಿ ತೀರಿಕೊಂಡರು. ಮಗ ವಾಷಿಂಗ್ಟನ್ ರೋಬ್ಲಿಂಗ್ ಕೆಲಸ ವಹಿಸಿಕೊಂಡರು. ನದಿಯ ತಳದಲ್ಲಿ ಅಡಿಪಾಯ ತೋಡಲು, ಕವುಚಿ ಹಾಕಿದ ಪೆಟ್ಟಿಗೆಯಂಥ ದೊಡ್ಡ ಕೋಣೆಯೊಳಗೆ ಗಾಳಿಯನ್ನು ಒತ್ತಿ ತುಂಬಿ ಆಳುಗಳು ಕೆಲಸ ಮಾಡುತ್ತಿದ್ದರು. ಅಲ್ಲಿಂದ ಬೇಗ ಮೇಲೆ ಬಂದರೆ ಮೈಕೈ ಹಿಡಿದುಕೊಳ್ಳುವ ಕಾಯಿಲೆ ಬರುತ್ತಿತ್ತು. ಮಗನೂ ಅದಕ್ಕೆ ಸಿಕ್ಕಿ ಹಾಸಿಗೆ ಹಿಡಿದರು. ಆಗ ಅವರ ಹೆಂಡತಿ ಎಮಿಲಿ ಸೇತುವೆಯ ಗಣಿತ, ಉಕ್ಕಿನ ಗುಣ ಎಲ್ಲವನ್ನೂ ಕಲಿತು ಗಂಡನಿಗೂ ಕೆಲಸದ ಜಾಗಕ್ಕೂ ನಡುವೆ ವರ್ಷಗಟ್ಟಲೆ ಓಡಾಡಿದರು.

ನಮಗೆ ಇಲ್ಲಿ ಬೇಕಾದ ಸಂಗತಿ 1878ರದ್ದು. ತಂತಿ ಒದಗಿಸುತ್ತಿದ್ದ ಗುತ್ತಿಗೆದಾರ ಮೋಸ ಮಾಡುತ್ತಿದ್ದದ್ದು ಆ ವರ್ಷ ಪತ್ತೆಯಾಯಿತು. ಪರೀಕ್ಷೆಗೆ ಒಳ್ಳೆಯ ತಂತಿ ತೋರಿಸಿ ಸೇತುವೆಗೆ ಕೆಟ್ಟ ತಂತಿ ಕಳಿಸುತ್ತಿದ್ದ. ಗೊತ್ತಾಗುವ ಹೊತ್ತಿಗೆ ಕೆಟ್ಟ ತಂತಿ ಹಗ್ಗದೊಳಗೆ ಸೇರಿಹೋಗಿತ್ತು, ಬಿಚ್ಚಿ ತೆಗೆಯುವಂತಿರಲಿಲ್ಲ. ಆದರೆ ಸೇತುವೆ ಹೊರಬೇಕಾದ ಭಾರಕ್ಕಿಂತ ಆರು ಪಟ್ಟು ಗಟ್ಟಿ ಇರುವಂತೆ ಹಗ್ಗದ ಲೆಕ್ಕ ಹಾಕಲಾಗಿತ್ತು. ಕೆಟ್ಟ ತಂತಿ ಸೇರಿದ ಮೇಲೂ ಐದು ಪಟ್ಟು ಉಳಿಯುತ್ತದೆ ಎಂದು ರೋಬ್ಲಿಂಗ್ ಲೆಕ್ಕ ತೆಗೆದರು. ಅಷ್ಟಕ್ಕೇ ಬಿಡದೆ ಪ್ರತಿ ಹಗ್ಗಕ್ಕೂ ಸುಮಾರು 150 ಒಳ್ಳೆಯ ತಂತಿಗಳನ್ನು ಗುತ್ತಿಗೆದಾರನ ಖರ್ಚಿನಲ್ಲೇ ಹೆಚ್ಚಿಗೆ ಹಾಕಿಸಿದರು. 1883ರ ಮೇ 24ರಂದು ಸೇತುವೆ ತೆರೆಯಿತು. ಆ ಕೆಟ್ಟ ತಂತಿ ಈಗಲೂ ಅದರೊಳಗೇ ಇದೆ. ಸೇತುವೆ ಮೇಲೆ ಈಗಲೂ ಕಾರುಗಳು ಓಡುತ್ತವೆ.

ಇದನ್ನು ಎಂಜಿನಿಯರುಗಳು ಸುರಕ್ಷತೆಯ ಅಂಚು ಎನ್ನುತ್ತಾರೆ. ನಮ್ಮ ಹಿರಿಯರು ಮದುವೆಗೆ ನೂರು ಜನ ಬರುತ್ತಾರೆಂದರೆ ನೂರೈವತ್ತು ಜನಕ್ಕೆ ಅಕ್ಕಿ ಹಾಕುತ್ತಿದ್ದರು. ಮನುಷ್ಯ ತಪ್ಪು ಮಾಡುತ್ತಾನೆ, ಮೋಸ ಮಾಡುತ್ತಾನೆ, ಮರೆಯುತ್ತಾನೆ ಎಂದು ಮೊದಲೇ ತಿಳಿದು ಹಾಕಿದ ಹೆಚ್ಚಿನ ಅಕ್ಕಿ ಅದು.

ಆದರೆ ಅಕ್ಕಿ ಎಷ್ಟೇ ಹೆಚ್ಚು ಹಾಕಿದರೂ ಒಂದು ದಿನ ಮುಗಿಯುತ್ತದೆ. ಮೋರ್ಬಿಯಲ್ಲಿ ಆಗಿದ್ದು ಅದು.

ಮೋರ್ಬಿ: 49ರಲ್ಲಿ 22

ಮೋರ್ಬಿಯ ತೂಗುಸೇತುವೆಯೂ ಪುನಲೂರಿನದ್ದರ ವಾರಗೆಯದೇ. ಮಚ್ಛೂ ನದಿಗೆ ಅಡ್ಡವಾಗಿ ಅಲ್ಲಿನ ರಾಜ ವಾಘ್‌ಜಿ ಠಾಕೋರ್ ಕಟ್ಟಿಸಿದ್ದು. 1879ರಲ್ಲಿ ತೆರೆದದ್ದು. ಅಗಲ ಒಂದೂಕಾಲು ಮೀಟರ್ ಮಾತ್ರ. 143 ವರ್ಷ ಜನ ಅದರ ಮೇಲೆ ನಡೆದರು.

2022ರಲ್ಲಿ ಅದನ್ನು ಕೆಲವು ತಿಂಗಳು ಮುಚ್ಚಿ ದುರಸ್ತಿ ಮಾಡಿದರು. ಅಕ್ಟೋಬರ್ 26ಕ್ಕೆ, ಗುಜರಾತಿನ ಹೊಸ ವರ್ಷದ ದಿನ, ಮತ್ತೆ ತೆರೆದರು. ನಾಲ್ಕೇ ದಿನಕ್ಕೆ, ಭಾನುವಾರ ಸಂಜೆ, ಮುಖ್ಯ ಹಗ್ಗಗಳಲ್ಲಿ ಒಂದು ಕಿತ್ತುಹೋಯಿತು.

ವಿಶೇಷ ತನಿಖಾ ತಂಡ ಆ ಹಗ್ಗವನ್ನು ಬಿಚ್ಚಿ ನೋಡಿತು. ಏಳು ಎಳೆ, ಒಂದೊಂದು ಎಳೆಯಲ್ಲಿ ಏಳು ತಂತಿ, ಒಟ್ಟು 49 ತಂತಿ. ಅದರಲ್ಲಿ 22 ತಂತಿಗಳು ತುಕ್ಕು ತಿಂದಿದ್ದವು. ಅವು ಆ ದಿನಕ್ಕೂ ಮೊದಲೇ ತುಂಡಾಗಿದ್ದಿರಬಹುದು ಎಂದು ತಂಡ ಹೇಳಿತು. ಅಂದರೆ ಆ ಸಂಜೆ ಇಡೀ ಭಾರ ಹೊತ್ತಿದ್ದು ಉಳಿದ 27 ತಂತಿ.

ದುರಸ್ತಿ ಮಾಡಿದವರು ಹಗ್ಗ ಬದಲಿಸಿರಲಿಲ್ಲ. ಬದಲಿಸಿದ್ದು ನೆಲವನ್ನು. ಬಿಡಿಬಿಡಿಯಾಗಿದ್ದ ಮರದ ಹಲಗೆ ತೆಗೆದು ಅಲ್ಯೂಮಿನಿಯಂ ನೆಲ ಹಾಕಿದ್ದರು. ಅದರಿಂದ ಸೇತುವೆಯ ಭಾರ ಹೆಚ್ಚಿತು. ಹಳೇ ತೂಗು ಸರಳುಗಳಿಗೆ ಹೊಸ ಸರಳನ್ನು ವೆಲ್ಡಿಂಗ್ ಮಾಡಿ ಜೋಡಿಸಿದ್ದರು. ತೆರೆಯುವ ಮುಂಚೆ ಭಾರ ಹಾಕಿ ಪರೀಕ್ಷೆ ಮಾಡಿರಲಿಲ್ಲ. ಬೀಳುವಾಗ ಮೇಲೆ ಸುಮಾರು 300 ಜನ ಇದ್ದರು. ಸೇತುವೆ ಹೊರಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು.

ಮನೆಗೆ ಹೋಲಿಸಿ ನೋಡಿ. ತೊಲೆಗೆ ಗೆದ್ದಲು ಹಿಡಿದಿದೆ. ಮಾಡಿಗೆ ಹೊಸ ಹೆಂಚು ಹಾಕಿಸಿ, ಗೋಡೆಗೆ ಬಣ್ಣ ಹೊಡೆಸಿ ಗೃಹಪ್ರವೇಶ ಮಾಡಿದ್ದೇವೆ.

ಪುನಲೂರಿನ ಕತೆಯಲ್ಲಿ ಎಂಜಿನಿಯರ್ ಆನೆ ನಡೆಸಿ ತಾನು ಕೆಳಗೆ ಕೂತ. ಮೋರ್ಬಿಯಲ್ಲಿ ಯಾರೂ ಕೆಳಗೆ ಕೂರಲಿಲ್ಲ.

ಅಲ್ಲಾಡಿಸಿದರೆ ಏನಾಗುತ್ತದೆ?

ಸೇತುವೆ ಬೀಳುವ ಮುಂಚೆ ಕೆಲವರು ಪಕ್ಕದ ತಂತಿ ಹಿಡಿದು ಅದನ್ನು ಅಲ್ಲಾಡಿಸುತ್ತಿದ್ದ ವಿಡಿಯೋಗಳನ್ನು ನೀವೂ ನೋಡಿರಬಹುದು. ಒಳ್ಳೆಯ ಹಗ್ಗ ಇದ್ದಿದ್ದರೆ ಅಷ್ಟಕ್ಕೇ ಸೇತುವೆ ಬೀಳುತ್ತಿರಲಿಲ್ಲ. ಹಾಗೆಂದು ಅಲ್ಲಾಡಿಸುವುದು ಆಟವಲ್ಲ.

ಉಯ್ಯಾಲೆಯಲ್ಲಿ ಮಗುವನ್ನು ಕೂರಿಸಿ ಸರಿಯಾದ ಹೊತ್ತಿಗೆ ಒಂದೊಂದು ಬೆರಳಿನಿಂದ ತಳ್ಳಿ. ಸ್ವಲ್ಪ ಹೊತ್ತಿಗೆ ಉಯ್ಯಾಲೆ ತಲೆ ಮಟ್ಟಕ್ಕೆ ಏರುತ್ತದೆ. ಪ್ರತಿ ತೂಗುವ ವಸ್ತುವಿಗೂ ತನ್ನದೇ ತಾಳವಿದೆ. ಆ ತಾಳಕ್ಕೆ ಸರಿಯಾಗಿ ಹೆಜ್ಜೆ ಬಿದ್ದರೆ ಸಣ್ಣ ಬಲವೂ ಸೇರಿ ಸೇರಿ ದೊಡ್ಡದಾಗುತ್ತದೆ. 1831ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರ ಬ್ರಾಟನ್ ಎಂಬಲ್ಲಿ ಸೈನಿಕರು ಒಂದೇ ತಾಳದಲ್ಲಿ ಹೆಜ್ಜೆ ಹಾಕುತ್ತಾ ತೂಗುಸೇತುವೆ ದಾಟುವಾಗ ಒಂದು ಬೋಲ್ಟ್ ಮುರಿದು ಸೇತುವೆ ಕುಸಿಯಿತು. ಅಂದಿನಿಂದ ಸೇತುವೆ ಬಂದಾಗ ತಾಳ ಮುರಿದು ನಡೆಯಿರಿ ಎಂದು ಸೈನ್ಯಕ್ಕೆ ಹೇಳುವ ರೂಢಿ ಬಂತು.

ನಮ್ಮಲ್ಲೂ ಇಂಥ ಹುಡುಗಾಟಿಕೆಗೆ ಕಡಿಮೆ ಇಲ್ಲ. ಮೋರ್ಬಿಯ ದುರಂತ ನಡೆದ ದಿನಗಳಲ್ಲೇ ಉತ್ತರ ಕನ್ನಡದ ಯಲ್ಲಾಪುರ ತಾಲ್ಲೂಕಿನ ಶಿವಪುರದಲ್ಲಿ ಪ್ರವಾಸಿಗರು ಜನ ನಡೆಯುವ ತೂಗುಸೇತುವೆ ಮೇಲೆ ಕಾರನ್ನೇ ನುಗ್ಗಿಸಿದ್ದರು. ಊರಿನವರು ಬೈದು ವಾಪಸ್ ಕಳಿಸಿದರು. ಅವರಿಗೆ ಅದೊಂದು ಮೋಜು. ಊರಿನವರಿಗೆ ಅದು ಪೇಟೆಗೆ ಹೋಗುವ ದಾರಿ.

ನಮ್ಮ ಹೊಳೆಗೆ ಹಗ್ಗ ಕಟ್ಟಿದವರು

ತೂಗುಸೇತುವೆ ಎಂದರೆ ರಾಜರು, ಬ್ರಿಟಿಷ್ ಎಂಜಿನಿಯರುಗಳು ಮಾತ್ರ ಕಟ್ಟುವುದು ಎಂಬುದನ್ನು ಸುಳ್ಳು ಮಾಡಿದವರು ನಮ್ಮ ಸುಳ್ಯದ ಗಿರೀಶ್ ಭಾರದ್ವಾಜ್. ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಅವರು 1989ರಲ್ಲಿ ಸುಳ್ಯದ ಹತ್ತಿರ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಕರ್ನಾಟಕದಲ್ಲಿ, ಕೇರಳದಲ್ಲಿ, ಆಚೆಯ ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. ಜನ ಅವರನ್ನು ಸೇತುವೆಗಳ ಸರದಾರ ಎಂದರು. 2017ರಲ್ಲಿ ಪದ್ಮಶ್ರೀ ಬಂತು.

ಲಾರಿ ಹೋಗುವ ದೊಡ್ಡ ಸೇತುವೆಗೆ ಕೋಟಿಗಟ್ಟಲೆ ಬೇಕು, ವರ್ಷಗಟ್ಟಲೆ ಕಾಯಬೇಕು. ನಡೆಯುವವರಿಗೆ ಮಾತ್ರ ಎಂದರೆ ಕಡಿಮೆ ಖರ್ಚಿನಲ್ಲಿ ಕೆಲವೇ ತಿಂಗಳಲ್ಲಿ ಉಕ್ಕಿನ ಹಗ್ಗದ ಸೇತುವೆ ಆಗುತ್ತದೆ. ಹೊಳೆಯ ನಡುವೆ ಕಂಬ ಬೇಡ, ಹಾಗಾಗಿ ನೆರೆಯಲ್ಲಿ ತೇಲಿ ಬರುವ ಮರದ ದಿಮ್ಮಿಗಳಿಗೆ ಸಿಗುವುದು ಕಡಿಮೆ. ಮಲೆನಾಡು, ಕರಾವಳಿಯ ಎಷ್ಟೋ ಊರುಗಳಿಗೆ ಇದು ಬಂದ ಮೇಲೆ ಮಳೆಗಾಲ ಎಂದರೆ ಜೈಲು ಎಂಬುದು ತಪ್ಪಿತು.

ಆದರೆ ಕಟ್ಟುವಾಗ ಇದ್ದ ಉತ್ಸಾಹ ಆಮೇಲೆ ಇರುವುದಿಲ್ಲ. ಉದ್ಘಾಟನೆಗೆ ರಿಬ್ಬನ್ ಇದೆ, ಗ್ರೀಸ್ ಹಚ್ಚುವುದಕ್ಕೆ ರಿಬ್ಬನ್ ಇಲ್ಲ.

ಅಮ್ಮನ ಪ್ರಶ್ನೆಗೆ ಉತ್ತರ

ಪುನಲೂರಿನಿಂದ ಬಂದ ಎರಡು ವಾರಕ್ಕೆ ನಾವು ಮೂವರೂ ಗೆಳತಿಯ ಊರಿಗೆ ಹೋದೆವು. ಎಷ್ಟೋ ಸಲ ದಾಟಿದ್ದ ಸೇತುವೆಯನ್ನು ಮೊದಲ ಸಲ ನಿಂತು ನೋಡಿದೆವು. ಭಾರ ಹೋಗುವ ದಾರಿಯಲ್ಲೇ ನಮ್ಮ ಕಣ್ಣೂ ಹೋಯಿತು. ನೀವೂ ಹಾಗೆ ನೋಡಬಹುದು.

ಮೊದಲು ಹಲಗೆ. ಒಡೆದಿದೆಯೇ, ಕಾಲಿಟ್ಟರೆ ಮೇಲೇಳುತ್ತದೆಯೇ?

ಆಮೇಲೆ ತೂಗು ಸರಳು. ಒಂದೂ ಸಡಿಲವಾಗಿ ಜೋತು ಬಿದ್ದಿರಬಾರದು. ಒಂದು ಸರಳು ಕೆಲಸ ಬಿಟ್ಟಿದೆ ಎಂದರೆ ಅದರ ಭಾರವನ್ನು ಅಕ್ಕಪಕ್ಕದವು ಹೊರುತ್ತಿವೆ ಎಂದರ್ಥ.

ಮೂರನೆಯದು ಕ್ಲ್ಯಾಂಪು, ನಟ್ಟು, ಬೋಲ್ಟು. ಯಾವುದಾದರೂ ಬಿದ್ದುಹೋಗಿದೆಯೇ?

ನಾಲ್ಕನೆಯದು ಮುಖ್ಯ ಹಗ್ಗ. ಕಂಬದ ನೆತ್ತಿಯಲ್ಲಿ ಅದು ಬಾಗುವ ಜಾಗ, ಕ್ಲ್ಯಾಂಪು ಕಚ್ಚಿದ ಜಾಗ, ಇವುಗಳಲ್ಲಿ ನೀರು ನಿಂತು ತುಕ್ಕು ಬೇಗ ಹಿಡಿಯುತ್ತದೆ. ತುಂಡಾದ ತಂತಿ ಮುಳ್ಳಿನ ಹಾಗೆ ಹೊರಗೆ ಎದ್ದು ನಿಂತಿರುತ್ತದೆ. ಕೈ ಸವರಬೇಡಿ, ಫೋನಿನಲ್ಲಿ ದೊಡ್ಡದು ಮಾಡಿ ಫೋಟೋ ತೆಗೆಯಿರಿ.

ಕೊನೆಯದು ಆಂಕರ್, ಅಂದರೆ ಹಗ್ಗ ನೆಲಕ್ಕೆ ಇಳಿಯುವ ಜಾಗ. ಯಾರೂ ನೋಡದ ಜಾಗ ಇದು. ಇದು ಮಣ್ಣಿನಲ್ಲಿ ಮುಚ್ಚಿಹೋಗಿರಬಾರದು.

ಗೆಳತಿಯ ಊರಿನಲ್ಲಿ ಹಲಗೆ ಚೆನ್ನಾಗಿತ್ತು. ಎರಡು ಸರಳು ಸಡಿಲವಾಗಿದ್ದವು. ಆಚೆ ದಡದ ಆಂಕರ್ ಕಾಣಲೇ ಇಲ್ಲ. ಅಲ್ಲಿ ಮಣ್ಣು ಕುಸಿದು ಲಂಟಾನ ಬೆಳೆದಿತ್ತು. ಕತ್ತಿ ತಂದು ಸವರಿದಾಗ ಹಗ್ಗದ ಬುಡ ಒದ್ದೆ ಮಣ್ಣಿನೊಳಗೆ ಒಂದು ಅಡಿ ಹೂತಿತ್ತು. ಮಣ್ಣು ಸರಿಸಿದರೆ ಕಂದು ಬಣ್ಣ ಕೈಗೆ ಬಂತು.

ಫೋಟೋ ತೆಗೆದು, ಒಂದು ಪುಟದ ಅರ್ಜಿ ಬರೆದು, ಊರಿನ 31 ಜನರ ಸಹಿ ಹಾಕಿಸಿ ಪಂಚಾಯತಿಗೆ ಕೊಟ್ಟೆವು. ತುಕ್ಕು ಎಷ್ಟು ಆಳಕ್ಕೆ ಹೋಗಿದೆ ಎಂದು ಹೇಳಬೇಕಾದವರು ಎಂಜಿನಿಯರ್, ನಾವಲ್ಲ. ಹಾಗಾಗಿ ಅರ್ಜಿಯಲ್ಲಿ ಕೇಳಿದ್ದು ಎರಡೇ: ಎಂಜಿನಿಯರಿಂದ ಪರೀಕ್ಷೆ ಮಾಡಿಸಿ, ಒಮ್ಮೆಗೆ ಎಷ್ಟು ಜನ ದಾಟಬಹುದು ಎಂದು ಬೋರ್ಡ್ ಹಾಕಿ. ಸ್ವೀಕೃತಿ ಸಿಕ್ಕಿದೆ. ಎಂಜಿನಿಯರ್ ಇನ್ನೂ ಬಂದಿಲ್ಲ. ಊರಿನವರು ಕಾಯುತ್ತಾ ಕೂತಿಲ್ಲ. ಆಂಕರಿನ ಸುತ್ತ ಮಣ್ಣು ತೆಗೆದು ನೀರು ಹೋಗಲು ಚರಂಡಿ ಮಾಡಿದ್ದಾರೆ. ಎಂಜಿನಿಯರ್ ನೋಡುವವರೆಗೆ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ದಾಟಬಾರದು, ಬೈಕ್ ಬೇಡ ಎಂದು ತಾವೇ ಮಾತಾಡಿಕೊಂಡಿದ್ದಾರೆ.

ಅಮ್ಮ ಬೆಲ್ಲದ ಕಾಫಿ ಕೊಟ್ಟು ಮತ್ತೆ ಕೇಳಿದರು: "ಗಟ್ಟಿ ಇದ್ಯಾ?"

"ಗಟ್ಟಿ ಇತ್ತು ಅಮ್ಮ. ಗಟ್ಟಿ ಇರುವಂಗೆ ನಾವೇ ನೋಡ್ಕೋಬೇಕು" ಎಂದಳು ಮಗಳು.

ಪುನಲೂರಿನ ಸೇತುವೆ ಇನ್ನೂ ಯಾಕೆ ನಿಂತಿದೆ ಎಂಬುದಕ್ಕೂ ನಮಗೆ ಸಿಕ್ಕ ಉತ್ತರ ಇಷ್ಟೇ. ಒಳ್ಳೆಯದಾಗಿ ಕಟ್ಟಿದರು, ಭಾರ ಹೆಚ್ಚಾದಾಗ ಇಳಿಸಿದರು, ಹಲಗೆ ಕೊಳೆತಾಗ ಬದಲಿಸಿದರು. ನಿಮ್ಮ ಊರಲ್ಲೂ ತೂಗುಸೇತುವೆ ಇದ್ದರೆ ಈ ಮಳೆಗಾಲ ಶುರುವಾಗುವ ಮುಂಚೆ ಒಂದು ಭಾನುವಾರ ಕತ್ತಿ ಹಿಡಿದು ಆಂಕರ್ ಹುಡುಕಿ.